ಕಪ್ಪದ ಮಾತು ಮುಗಿದ ಮೇಲಿನ ಚೆನ್ನಮ್ಮ

ಕನ್ನಡದ ಹುಡುಗ ಹುಡುಗಿಯರೇ,

ಹ್ಯಾರಿ ಪಾಟರ್ ಕಾದಂಬರಿಗಳನ್ನು ಓದಿ ಬೆಳೆದ ನಿಮ್ಮಲ್ಲಿ ಎಷ್ಟೋ ಜನಕ್ಕೆ ಒಂದು ಸಿಟ್ಟಿದೆ. ಪುಸ್ತಕದಲ್ಲಿ ಶಾಲೆ ತುಂಬಾ ಕಾಟ ಕೊಡುವ ಪೀವ್ಸ್ ಎಂಬ ತುಂಟ ಭೂತ ಎಂಟು ಸಿನಿಮಾಗಳಲ್ಲಿ ಒಂದರಲ್ಲೂ ಕಾಣಿಸಲಿಲ್ಲ. ಟೋಲ್ಕಿನ್ ಕಾದಂಬರಿಯಲ್ಲಿ ಉಂಗುರದ ಆಸೆಗೆ ಬೀಳದ ಫಾರಮಿರ್, 2002ರ ಸಿನಿಮಾದಲ್ಲಿ ಅದೇ ಉಂಗುರಕ್ಕಾಗಿ ಫ್ರೋಡೋನನ್ನು ಎಳೆದೊಯ್ಯುತ್ತಾನೆ. ಇದಕ್ಕಾಗಿ ನೀವು ಕಾಫಿ ಆರುವ ತನಕ ಜಗಳವಾಡುತ್ತೀರಿ. ಆಡಿ! ಚಿಕ್ಕಂದಿನಲ್ಲಿ ಪ್ರೀತಿಸಿದ ಪಾತ್ರವನ್ನು ಯಾರೋ ತಿದ್ದಿದರೆ ಕೇಳುವ ಹಕ್ಕು ಓದುಗನಿಗಿದೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ನೋಡಿ ಕಾದಂಬರಿ ಬರೆದ ತ.ರಾ.ಸು. ಅವರಿಗೇ ಸಮಾಧಾನವಾಗಿರಲಿಲ್ಲ.

ಆದರೆ ಒಂದು ಮಾತು ಕೇಳುತ್ತೇವೆ, ಎದೆ ಮುಟ್ಟಿಕೊಂಡು ಹೇಳಿ. ನಿಮ್ಮ ಬಾಲ್ಯದ ಮೊದಲ ವೀರಕಥೆಯನ್ನು ಸಿನಿಮಾ ಎಷ್ಟು ತಿದ್ದಿತು ಎಂದು ಎಂದಾದರೂ ಜಗಳವಾಡಿದ್ದೀರಾ?

ಕಿತ್ತೂರು ಚೆನ್ನಮ್ಮ ಎಂದೊಡನೆ ನಿಮಗೆ ನೆನಪಾಗುವುದೇನು? ಶಾಲೆಯ ವೇಷಭೂಷಣ ಸ್ಪರ್ಧೆ. ರಟ್ಟಿನ ಕತ್ತಿ. ಮತ್ತೆ ಆ ಕಪ್ಪದ ಮಾತು. ಅದು 1961ರಲ್ಲಿ ಬಿ.ಆರ್. ಪಂತುಲು ತೆಗೆದ ‘ಕಿತ್ತೂರು ಚೆನ್ನಮ್ಮ’ ಚಿತ್ರದಿಂದ ನಾಡಿನ ನಾಲಿಗೆಗೆ ಬಂದದ್ದು. 2025ರಲ್ಲಿ ತೀರಿಕೊಂಡ ಬಿ. ಸರೋಜಾದೇವಿ ಆ ಪಾತ್ರಕ್ಕೆ ಜೀವ ತುಂಬಿದರು. ಅದಕ್ಕೆ ಎರಡೇ ವರ್ಷ ಮೊದಲು, 1959ರಲ್ಲಿ, ಇದೇ ಪಂತುಲು ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆಗೆದಿದ್ದರು. ಅಲ್ಲಿಯೂ ಚಪ್ಪಾಳೆ ಗಿಟ್ಟಿಸಿದ್ದು ಕಂಪನಿ ಅಧಿಕಾರಿಯ ಮುಂದೆ ಗುಡುಗಿದ ಕಂದಾಯದ ಮಾತೇ!

ಇತಿಹಾಸ ಏನು ಹೇಳುತ್ತದೆ? 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಕಿತ್ತೂರು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತ್ತು. ವರ್ಷ ವರ್ಷ ಹಣ ಕೊಡುವುದೂ ಅದರಲ್ಲಿ ಸೇರಿತ್ತು. ಕಿಡಿ ಹೊತ್ತಿದ್ದು ಬೇರೆ ಕಡೆ. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಮಗನನ್ನು ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಬಂದು ಕಿತ್ತೂರಿನ ಖಜಾನೆಗೆ ಮೊಹರು ಒತ್ತಿದ. ನಮ್ಮ ಮನೆಗೆ ಮಗ ಯಾರು ಎಂದು ಹೇಳಲು ನೀನ್ಯಾರು? ಚೆನ್ನಮ್ಮನ ಹೋರಾಟದ ಬೇರು ಇದು. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಸತ್ತುಬಿದ್ದ.

ಇನ್ನು ಮುಂದಿನದು ಕೇಳಿ. ಆ ದಿನ ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಗೆದ್ದ ರಾಣಿ ಅವರ ತಲೆ ತೆಗೆಸಲಿಲ್ಲ. ಕಾಪಾಡಿ, ಸಂಧಾನದ ಹೊತ್ತಿನಲ್ಲಿ ಬಿಟ್ಟು ಕಳಿಸಿದಳು. ಅವರಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್ ಮುಂದೆ ಏನು ಮಾಡಿದ ಗೊತ್ತೇ? ಊರೂರು ಸುತ್ತಿ ನಮ್ಮ ನಾಡಿನ ಶಾಸನಗಳನ್ನು ನೂರಾರು ಲೆಕ್ಕದಲ್ಲಿ ಪ್ರತಿ ಮಾಡಿಸಿದ. ಕನ್ನಡ ಶಾಸನಗಳ ಅಧ್ಯಯನಕ್ಕೆ ಮೊದಮೊದಲು ದಾರಿ ಹಾಕಿದವರಲ್ಲಿ ಅವನೂ ಒಬ್ಬ. ಕಿತ್ತೂರಿನ ಹೆಣ್ಣುಮಗಳೊಬ್ಬಳ ಕರುಣೆಯಿಂದ ಉಳಿದ ಜೀವ ಅದು! ಈ ಚೆನ್ನಮ್ಮನ ವೇಷ ಹಾಕಿದ ಒಂದು ಮಗುವನ್ನಾದರೂ ಕಂಡಿದ್ದೀರಾ?

ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ! ಕತ್ತಿಯಿಲ್ಲ, ಕುದುರೆಯಿಲ್ಲ, ಚಪ್ಪಾಳೆಯಿಲ್ಲ. ಸೋತ ಮೇಲೂ ಬಗ್ಗದೆ ಕೂತ ಆ ಹೆಂಗಸೇ ನಿಜವಾದ ಚೆನ್ನಮ್ಮ ಎಂದರೆ ತಪ್ಪೇ? ಗುಡುಗುವುದು ಒಂದು ಗಳಿಗೆಯ ಕೆಲಸ. ಕಾಯುವುದು ವರ್ಷಗಳ ಕೆಲಸ.

ರಾಯಣ್ಣನ ಪಾಡೂ ಇದೇ. 2012ರ ನವೆಂಬರ್ 1ರಂದು ದರ್ಶನ್ ನಟಿಸಿದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂತು. ಥೇಟರುಗಳು ತುಂಬಿದವು, ಸಂತೋಷ. ಆದರೆ ತೆರೆಯ ರಾಯಣ್ಣ ಎಂದರೆ ನೆನಪಿಗೆ ಬರುವುದು ಬರೀ ಕತ್ತಿ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ವಾಲೀಕಾರರ ಮನೆಯವನು. ಇನಾಂ ಹೊಲ ಕಂಪನಿಯ ಪಾಲಾಯಿತು, ಉಳಿದದ್ದಕ್ಕೆ ಕಂದಾಯ ಏರಿತು. ಅವನ ಸಿಟ್ಟು ಹುಟ್ಟಿದ್ದು ಹೊಲದ ಬದುವಿನಲ್ಲಿ. 1830ರಲ್ಲಿ ಅವನ ಜನ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟರು. ಬಡವನ ಹೊಲ ಕಾಗದದ ಮೇಲೆ ಕಳೆದುಹೋಗುತ್ತದೆ ಎಂಬುದು ಅವನಿಗೆ ತಿಳಿದಿತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಇವತ್ತು ನೀವು ರೈಲು ಹತ್ತುವಾಗ ‘ಕೆ.ಎಸ್.ಆರ್.’ ಎನ್ನುತ್ತೀರಲ್ಲ, ಆ ಮೂರು ಅಕ್ಷರದೊಳಗೆ ಇಷ್ಟೆಲ್ಲ ಇದೆ.

ಹಾಗಾದರೆ ಸಿನಿಮಾ ಮಾಡಿದ್ದು ಅಪರಾಧವೇ? ಖಂಡಿತ ಅಲ್ಲ. ಮೂರು ತಾಸಿನಲ್ಲಿ ಒಂದು ಆಯುಷ್ಯ ಹಿಡಿಸಬೇಕಾದವನು ಏನನ್ನಾದರೂ ಬಿಡಲೇಬೇಕು. ಪಂತುಲು ಆ ಚಿತ್ರ ತೆಗೆಯದಿದ್ದರೆ ಮೈಸೂರು, ಮಂಗಳೂರಿನ ಎಷ್ಟು ಮಕ್ಕಳಿಗೆ ಕಿತ್ತೂರಿನ ಹೆಸರು ಗೊತ್ತಾಗುತ್ತಿತ್ತು? ಏಕೀಕರಣವಾಗಿ ಐದೇ ವರ್ಷವಾಗಿದ್ದ ನಾಡಿಗೆ ಒಬ್ಬ ಸಾಮಾನ್ಯ ತಾಯಿಯನ್ನು ಕೊಟ್ಟ ಚಿತ್ರ ಅದು. ಆ ಋಣ ದೊಡ್ಡದು. ತಪ್ಪು ನಮ್ಮ ಸೋಮಾರಿತನದ್ದು. ಸಿನಿಮಾ ಬಾಗಿಲು ತೆರೆಯಿತು. ನಾವು ಹೊಸ್ತಿಲಲ್ಲೇ ಕೂತು ಮನೆ ನೋಡಿದೆವು ಎಂದುಕೊಂಡೆವು.

ಸಿನಿಮಾ ಬಿಟ್ಟದ್ದನ್ನು ಹಿಡಿದಿಟ್ಟುಕೊಂಡವರೂ ಇದ್ದಾರೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಜಾತ್ರೆಯಲ್ಲಿ ಡಪ್ಪು, ತುಂತುಣಿ ಹಿಡಿದು ಹಾಡುವ ಲಾವಣಿ, ಗೀಗೀ ಪದದವರು. ರಾಯಣ್ಣನ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 19ನೇ ಶತಮಾನದಲ್ಲೇ ಬರೆದುಕೊಂಡು ಅಚ್ಚು ಹಾಕಿಸಿದ. ಪರದೇಶದವನಿಗೆ ಕೇಳಿಸಿದ ಹಾಡು ನಮಗೆ ಕೇಳಿಸದೆ ಹೋದರೆ ನಾಚಿಕೆ ಯಾರಿಗೆ?

ಆದ್ದರಿಂದ ಗೆಳೆಯರೇ, ಈ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಹೋಗಿ. ಕೋಟೆಯ ಮುಂದೆ ಫೋಟೋ ತೆಗೆಸಿಕೊಂಡು ಅಲ್ಲಿಂದಲೇ ತಿರುಗಬೇಡಿ. ಬೈಲಹೊಂಗಲದ ಬಸ್ಸು ಹತ್ತಿ, ಚೆನ್ನಮ್ಮನ ಸಮಾಧಿಯ ಹತ್ತಿರ ಐದು ನಿಮಿಷ ಕೂತುಕೊಳ್ಳಿ. ಮುಂದಿನ ವರ್ಷ ನಿಮ್ಮ ತಂಗಿಗೋ ಅಕ್ಕನ ಮಗಳಿಗೋ ರಟ್ಟಿನ ಕತ್ತಿ ಕಟ್ಟಿಕೊಡುವಾಗ, ಸೆರೆಯಾಳನ್ನು ಬಿಟ್ಟು ಕಳಿಸಿದ ರಾಣಿಯ ಕಥೆಯನ್ನೂ ಹೇಳಿಕೊಡಿ. ಆ ಮಗು ಬಾಯಿಪಾಠ ಮಾಡಿದ ಮಾತು ಮುಗಿದ ಮೇಲೆ, ‘ಆಮೇಲೆ ಏನಾಯಿತು?’ ಎಂದು ಕೇಳಿಯೇ ಕೇಳುತ್ತದೆ. ಉತ್ತರ ನಿಮ್ಮಲ್ಲಿರಲಿ.