ಮಷೀನು ಮೇಲೆ ನಿಂತಿದೆ, ಮನುಷ್ಯ ಒಳಗಿಳಿದಿದ್ದಾನೆ



ಊರಿನ ಯುಜಿಡಿ ಕಟ್ಟಿಕೊಂಡು ರಸ್ತೆ ಮೇಲೆ ಗಲೀಜು ಉಕ್ಕಿದರೆ ಮೊದಲು ಪುರಸಭೆಗೆ ಫೋನು ಹೋಗುತ್ತೆ. ಪುರಸಭೆಯಿಂದ ಕಂಟ್ರಾಕ್ಟರಿಗೆ, ಕಂಟ್ರಾಕ್ಟರಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ನಮ್ಮ ಕೇರಿಗೆ. ಎಷ್ಟು ಕೈ ಬದಲಾದರೂ ಫೋನು ಕೊನೆಗೆ ಬಂದು ನಿಲ್ಲೋದು ಅದೇ ಬಾಗಿಲಲ್ಲಿ. ಈ ದಾರಿಯನ್ನು ಯಾವ ಟೆಂಡರಿನಲ್ಲೂ ಬರೆದಿರೋದಿಲ್ಲ. ಬರೆಯದೆ ಇದ್ದರೂ ಎಲ್ಲರಿಗೂ ಬಾಯಿಪಾಠ. ಜಾತಿ ಅನ್ನೋದು ಇಂಥದ್ದಕ್ಕೇ.

ಈ ಸಂಚಿಕೆಯಲ್ಲಿ ನಾವು ಒಂದು ಮಷೀನಿನ ವಿಚಾರ ಬರೀತಿದ್ದೇವೆ. ಭೂಮಿ ಬಿಟ್ಟು, ಸ್ಕಾಲರ್‌ಶಿಪ್ ಬಿಟ್ಟು, ದೌರ್ಜನ್ಯ ಬಿಟ್ಟು ಇದೇನಪ್ಪ ಪಂಪು ಪೈಪಿನ ಪುರಾಣ ಅಂತ ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಅದರ ಹೆಸರು ಜೆಟ್ಟಿಂಗ್ ಮಷೀನು. ನೀವೆಲ್ಲ ನೋಡಿರ್ತೀರಿ: ಲಾರಿ ಮೇಲೆ ನೀರಿನ ಟ್ಯಾಂಕು, ಒಂದು ಪಂಪು, ದೊಡ್ಡ ರಾಟೆಗೆ ಸುತ್ತಿದ ದಪ್ಪ ಪೈಪು, ಪೈಪಿನ ತುದಿಗೆ ಹಿಡಿಯೊಳಗೆ ಹಿಡಿಸುವಷ್ಟು ಲೋಹದ ಮೂತಿ. ನಾಜಲ್ ಅಂತಾರೆ. ವಿದ್ಯೆ ಇರೋದೆಲ್ಲ ಆ ಮೂತಿಯಲ್ಲಿ. ಅದರ ಮುಂದೆ ಒಂದು ತೂತು ಇರಬಹುದು, ಇಲ್ಲದೆಯೂ ಇರಬಹುದು. ಹಿಂದಕ್ಕೆ ಮುಖ ಮಾಡಿದ ತೂತುಗಳು ಮಾತ್ರ ಸುತ್ತಲೂ ಇರುತ್ತವೆ. ಪಂಪು ಒತ್ತಿದಾಗ ನೀರು ಹಿಂದಕ್ಕೆ ಚಿಮ್ಮಿ ಮೂತಿಯನ್ನು ಮುಂದಕ್ಕೆ ನೂಕುತ್ತೆ. ರಾಕೆಟ್ಟು ಹಾರೋದೂ ಇದೇ ಲೆಕ್ಕದಲ್ಲಿ. ನ್ಯೂಟನ್ನಿನ ಮೂರನೇ ನಿಯಮ ಅಂತ ಪಿಯುಸಿಯಲ್ಲಿ ಉರು ಹೊಡೆಸ್ತಾರಲ್ಲ, ಅದೇ. ತಗ್ಗಿನ ಕಡೆಯ ಮ್ಯಾನ್‌ಹೋಲಿನಿಂದ ಒಳಗೆ ಬಿಟ್ಟರೆ ಅದು ಏರಿನ ಕಡೆಗೆ ತಾನೇ ತೆವಳಿಕೊಂಡು ಹೋಗಿ ಕಟ್ಟಿದ್ದನ್ನು ಒಡೆಯುತ್ತೆ. ಆಮೇಲೆ ರಾಟೆ ತಿರುಗಿಸಿ ನಿಧಾನವಾಗಿ ವಾಪಸ್ ಎಳೆದರೆ ಹೂಳು, ಮರಳು, ಜಿಡ್ಡು ಎಲ್ಲವನ್ನೂ ಗುಡಿಸಿಕೊಂಡು ಬಂದು ತಗ್ಗಿನ ಮ್ಯಾನ್‌ಹೋಲಿಗೆ ಹಾಕುತ್ತೆ. ಅಲ್ಲಿಂದ ಸಕ್ಕಿಂಗ್ ಮಷೀನು ಹೀರಿಕೊಳ್ಳುತ್ತೆ. ಮರದ ಬೇರು ನುಗ್ಗಿದ್ದರೆ ಅದನ್ನು ಕತ್ತರಿಸೋಕೆ ತಿರುಗುವ ಸರಪಳಿ ಕಟ್ಟಿದ ಬೇರೆ ಮೂತಿಗಳಿವೆ.

ಒತ್ತಡ ಎಷ್ಟು? ಲಾರಿ ಮೇಲಿನ ದೊಡ್ಡ ಮಷೀನುಗಳಲ್ಲಿ ಸಾಮಾನ್ಯವಾಗಿ 100ರಿಂದ 200 ಬಾರ್. ಕಾರಿನ ಟಯರಿನಲ್ಲಿರೋ ಗಾಳಿ ಎರಡು ಚಿಲ್ಲರೆ ಬಾರ್. ಹತ್ತು ಮೀಟರು ಎತ್ತರದ ನೀರು ಒಂದು ಬಾರ್ ಒತ್ತುತ್ತೆ ಅಂತ ಇಟ್ಟುಕೊಂಡು ಸೈನ್ಸ್ ಹುಡುಗರು ಲೆಕ್ಕ ಹಾಕಿ ನೋಡಿ. 150 ಬಾರ್ ಅಂದರೆ ಸಮುದ್ರ ಮಟ್ಟದಿಂದ ನಂದಿ ಬೆಟ್ಟದ ತುದಿಯವರೆಗೆ ನಿಲ್ಲಿಸಿದ ನೀರಿನ ಕಂಬದ ಭಾರ! ಇಷ್ಟು ಶಕ್ತಿ ಮನುಷ್ಯನ ಕೈಗೆ ಸಿಕ್ಕಿದೆ. ಪರದೇಶಗಳಲ್ಲಿ ಅರ್ಧ ಶತಮಾನಕ್ಕೂ ಹಿಂದೆಯೇ ಸಿಕ್ಕಿತ್ತು. ನಮ್ಮಲ್ಲೂ ದೊಡ್ಡ ನಗರಗಳಲ್ಲಿ ಮಷೀನುಗಳಿವೆ. ಇಷ್ಟಾದರೂ ಬಿದಿರು ದಬ್ಬೆ, ಬಕೆಟ್ಟು, ಹಗ್ಗ ಹಿಡಿದುಕೊಂಡು ಚಡ್ಡಿಯಲ್ಲಿ ಮನುಷ್ಯ ಇಳೀತಾನೆ.

ಇಳಿದವನಿಗೆ ಏನಾಗುತ್ತೆ ಅನ್ನೋದನ್ನು ಬಿಡಿಸಿ ಹೇಳಬೇಕು. ಯಾಕಂದ್ರೆ ಪೇಪರಿನಲ್ಲಿ 'ಉಸಿರುಗಟ್ಟಿ ಸಾವು' ಅಂತ ಎರಡು ಪದದಲ್ಲಿ ಮುಗಿಸ್ತಾರೆ. ಗಾಳಿ ಆಡದ ಹೂಳಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲಿನಷ್ಟಾದರೆ ಮೂಗೇ ಸತ್ತುಹೋಗುತ್ತೆ, ವಾಸನೆ ಗೊತ್ತಾಗೋದು ನಿಲ್ಲುತ್ತೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಅಂದುಕೊಂಡು ಮನುಷ್ಯ ಇನ್ನೂ ಕೆಳಗಿಳೀತಾನೆ. ಸಾವಿರ ಪಾಲಿನ ಹತ್ತಿರ ಹೋದರೆ ಒಂದೆರಡು ಉಸಿರಿಗೆ ಬಿದ್ದುಬಿಡ್ತಾನೆ. ಕೂಗೋಕೂ ಆಗೋದಿಲ್ಲ. ಮೇಲೆ ನಿಂತವನು ಅಣ್ಣನೋ ಭಾವನೋ ಆಗಿರ್ತಾನೆ, ಎತ್ತೋಕೆ ಅಂತ ಇಳೀತಾನೆ, ಅವನೂ ಬೀಳ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಯಾಕೆ ಸಾಯ್ತಾರೆ ಅಂತ ಕೇಳೋರಿಗೆ ಇದೇ ಉತ್ತರ. ಜಿರಳೆ ಓಡಾಡ್ತಿದ್ದರೆ ಗಾಳಿ ಸರಿಯಿದೆ ಅಂತ ನೋಡೋರಿದ್ದಾರೆ, ಬೆಂಕಿಕಡ್ಡಿ ಗೀರಿ ನೋಡೋರಿದ್ದಾರೆ. ಅದೇ ಗುಂಡಿಯಲ್ಲಿ ಮೀಥೇನೂ ಇರುತ್ತೆ. ಕಡ್ಡಿ ಗೀರಿದರೆ ಹೊತ್ತಿಕೊಳ್ಳೋದು ಗಾಳಿಯೇ. ಗ್ಯಾಸ್ ಅಳೆಯೋ ಮೀಟರು ಅಂಗೈಯಷ್ಟಿರುತ್ತೆ. ಜಿರಳೆಯನ್ನು ನಂಬಿಸಿ ಮನುಷ್ಯನನ್ನು ಇಳಿಸುವ ವ್ಯವಸ್ಥೆಗೆ ಅದನ್ನು ಕೊಳ್ಳೋಕೆ ಮಾತ್ರ ದುಡ್ಡು ಹುಟ್ಟೋದಿಲ್ಲ.

2017ರ ಮಾರ್ಚಿನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಕಡೆ ಒಂದು ಮ್ಯಾನ್‌ಹೋಲಿನಲ್ಲಿ ಮೂವರು. 2018ರ ಜನವರಿಯಲ್ಲಿ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟಿನ ಗಲೀಜು ನೀರು ಶುದ್ಧಿ ಮಾಡುವ ತೊಟ್ಟಿಯಲ್ಲಿ ಮೂವರು. 2021ರ ಜನವರಿಯಲ್ಲಿ ಕಲಬುರಗಿಯಲ್ಲಿ ಇಬ್ಬರು. ಅದೇ ವರ್ಷ ಜೂನಿನಲ್ಲಿ ರಾಮನಗರದಲ್ಲಿ ಮೂವರು. ಇಷ್ಟು ಸಾಕು, ಪಟ್ಟಿ ಬರೆಯೋಕೆ ನಮಗೆ ಕೈ ಬರೋದಿಲ್ಲ. ಹೀಗೆ ಸಾಯೋರಲ್ಲಿ ಕೂಲಿ ಹುಡುಕಿಕೊಂಡು ಬಂದ ಬೇರೆ ಜಾತಿಯ ಬಡವರೂ ಇದ್ದಾರೆ. ಅವರನ್ನು ನಾವು ಹೊರಗಿಡೋದಿಲ್ಲ. ಆದರೆ ಲೆಕ್ಕವನ್ನೂ ಮರೆಯೋದಿಲ್ಲ: ಕೇಂದ್ರ ಸರ್ಕಾರದ 'ನಮಸ್ತೆ' ಯೋಜನೆಯಲ್ಲಿ 2024ರ ಹೊತ್ತಿಗೆ ಗುರುತಿಸಿದ ಸುಮಾರು 38 ಸಾವಿರ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕೆಲಸಗಾರರಲ್ಲಿ ನೂರಕ್ಕೆ 69ರಷ್ಟು ಜನ ಪರಿಶಿಷ್ಟ ಜಾತಿಯವರು. ಪರಿಶಿಷ್ಟ ಪಂಗಡ, ಹಿಂದುಳಿದವರನ್ನು ಸೇರಿಸಿದರೆ 92ರ ಹತ್ತಿರ. ಇದು ನಮ್ಮ ಭಾಷಣವಲ್ಲ, ಸರ್ಕಾರದ್ದೇ ಅಂಕಿ. ಐಎಎಸ್ಸಿನಲ್ಲಿ ಮೀಸಲಾತಿ ಜಾಸ್ತಿ ಆಯಿತು ಅಂತ ಅಳೋರು ಈ ಮೀಸಲಾತಿಯ ಬಗ್ಗೆ ಬಾಯಿ ಬಿಟ್ಟಿದ್ದನ್ನು ನಾವು ಕೇಳಿಲ್ಲ. ಇಲ್ಲಿ ಮೆರಿಟ್ಟೂ ಕೇಳೋದಿಲ್ಲ.

ಈಗ ಸಾಹೇಬರುಗಳ ಸಬೂಬುಗಳಿಗೆ ಬರೋಣ. ಗಲ್ಲಿ ಸಣ್ಣದು, ಲಾರಿ ಹೋಗೋದಿಲ್ಲ ಅಂತಾರೆ. ಹೈದರಾಬಾದಿನಲ್ಲೂ ಗಲ್ಲಿ ಸಣ್ಣವೇ. 2017ರಲ್ಲಿ ಅಲ್ಲಿನ ಜಲಮಂಡಳಿ ಸಣ್ಣ ಗಾಡಿಗಳ ಮೇಲೆ ಕೂರಿಸಿದ 70 ಮಿನಿ ಜೆಟ್ಟಿಂಗ್ ಮಷೀನುಗಳನ್ನು ಇಳಿಸಿತು. ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ಇಂಥವೇ 200 ಬಂದವು. ಹಾಗಾದರೆ ಸಬೂಬು ಗಲ್ಲಿಯದ್ದಲ್ಲ. ಪೈಪಿನಲ್ಲಿ ಸಿಮೆಂಟು, ಕಲ್ಲು, ಬಟ್ಟೆ, ಪ್ಲಾಸ್ಟಿಕ್ಕು ತುಂಬಿದ್ದಾರೆ, ನೀರಿಗೆ ಒಡೆಯೋದಿಲ್ಲ ಅಂತಾರೆ. ಇದರಲ್ಲಿ ನಿಜ ಉಂಟು. ನೀರಿನ ಹೊಡೆತ ಜಿಡ್ಡನ್ನು, ಮರಳನ್ನು ಎತ್ತುತ್ತೆ, ಗಟ್ಟಿ ಕಾಂಕ್ರೀಟನ್ನು ಎತ್ತೋದಿಲ್ಲ. ಹಳೇ ಇಟ್ಟಿಗೆ ಚರಂಡಿಗೆ ಜೋರಾಗಿ ಬಿಟ್ಟರೆ ಇಟ್ಟಿಗೆಯೇ ಕಿತ್ತು ಬರಬಹುದು. ಆಗ ಮೇಲಿಂದ ಹಿಡಿದೆತ್ತುವ ಯಂತ್ರ ಬೇಕು, ಕೊನೆಗೆ ರಸ್ತೆ ಅಗೆದು ಪೈಪು ಬದಲಾಯಿಸಬೇಕು. 2018ರಲ್ಲಿ ಕೇರಳದ ಹುಡುಗರು ಮ್ಯಾನ್‌ಹೋಲಿಗೆ ಇಳಿಯುವ ರೋಬೋ ಮಾಡಿ ಬ್ಯಾಂಡಿಕೂಟ್, ಅಂದರೆ ಹೆಗ್ಗಣ, ಅಂತ ಹೆಸರಿಟ್ಟರು. ಕೊನೆಗೂ ಹೆಗ್ಗಣದ ಕೆಲಸವನ್ನು ಹೆಗ್ಗಣಕ್ಕೇ ಕೊಡುವ ಯೋಚನೆ ಬಂತಲ್ಲ! ರಸ್ತೆ ಅಗೆದರೆ ಖರ್ಚು ಅಂತಾರೆ. ಮನುಷ್ಯ ಸತ್ತರೆ ಅವರ ಜೇಬಿಗೆ ಖರ್ಚಿಲ್ಲ, ಅಷ್ಟೇ.

ಇನ್ನೊಂದು ಸಬೂಬಿದೆ, ಮಷೀನು ರಿಪೇರಿಗೆ ಹೋಗಿದೆ ಅನ್ನೋದು. ಪಂಪಿನ ಸೀಲು ಹೋಗಿರುತ್ತೆ, ಪೈಪು ಸೀಳಿರುತ್ತೆ, ಬಿಲ್ಲು ಪಾಸಾಗಿರೋದಿಲ್ಲ. ಮನುಷ್ಯ ರಿಪೇರಿಗೆ ಹೋಗೋದಿಲ್ಲ ನೋಡಿ. ಒಬ್ಬ ಹೋದರೆ ಇನ್ನೊಬ್ಬ ಸಿಗ್ತಾನೆ, ಅದೂ ದಿನಗೂಲಿಗೆ. ಮಷೀನಿಗಿಂತ ನಮ್ಮ ಹೆಣ ಅಗ್ಗ ಆಗಿರುವವರೆಗೂ ಮಷೀನು ಶೆಡ್ಡಿನಲ್ಲೇ ಇರುತ್ತೆ.

ಕಾನೂನು ಇಲ್ಲವಾ? ಇದೆ. ಮಲವನ್ನು ತಲೆ ಮೇಲೆ ಹೊರೋದನ್ನು ಈ ರಾಜ್ಯದಲ್ಲಿ ಎಪ್ಪತ್ತರ ದಶಕದ ಆರಂಭದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಲ್ಲಿಸಿದರು. ಇಡೀ ದೇಶಕ್ಕೆ ಕಾನೂನು ಬರೋಕೆ 1993 ಆಯಿತು. 2013ರಲ್ಲಿ ಇನ್ನೊಂದು ಬಂತು. ಅದರ 7ನೇ ಸೆಕ್ಷನ್ ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಶುಚಿಗೆ ಯಾರನ್ನೂ ಹಚ್ಚಕೂಡದು ಅನ್ನುತ್ತೆ. ಹಚ್ಚಿದರೆ ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. 33ನೇ ಸೆಕ್ಷನ್ನನ್ನು ನೀವೆಲ್ಲ ಗುರುತು ಹಾಕಿಟ್ಟುಕೊಳ್ಳಬೇಕು: ಮನುಷ್ಯ ಕೈ ಹಾಕುವ ಅಗತ್ಯವೇ ಇಲ್ಲದ ಹಾಗೆ ತಕ್ಕ ಯಂತ್ರಗಳನ್ನು ಬಳಸೋದು ಸ್ಥಳೀಯ ಸಂಸ್ಥೆಗಳ ಕರ್ತವ್ಯ ಅಂತ ಅದರಲ್ಲಿದೆ. ಮಷೀನು ತರೋದು ಪುರಸಭೆ ನಮಗೆ ಮಾಡುವ ಉಪಕಾರವಲ್ಲ ಅಂತಾಯಿತು.

ಆದರೆ ಕಾನೂನು ಬರೆದವರು ಒಂದು ಕಿಂಡಿ ಬಿಟ್ಟಿದ್ದಾರೆ. 'ಅಪಾಯಕಾರಿ ಶುಚಿ' ಅಂದರೆ ರಕ್ಷಣಾ ಸಾಮಗ್ರಿ ಕೊಡದೆ, ಎಚ್ಚರಿಕೆ ತಗೊಳ್ಳದೆ ಮಾಡಿಸೋದು ಅಂತ ಅರ್ಥ ಹೇಳಿದ್ದಾರೆ. ಹಾಗಾದರೆ ಗ್ಲೌಸು ಬೂಟು ಕೊಟ್ಟು ಇಳಿಸಿದರೆ? ಈ ಕಿಂಡಿಯಲ್ಲಿ ಕಂಟ್ರಾಕ್ಟರು ತೂರಿಕೊಳ್ತಾನೆ. ಗ್ಲೌಸು ಕೊಡಿ, ಮಾಸ್ಕು ಕೊಡಿ ಅಂತ ಮನವಿ ಪತ್ರ ಬರೆಯುವ ನಮ್ಮ ಗೆಳೆಯರಿಗೂ ಇದನ್ನೇ ಹೇಳಬೇಕಾಗಿದೆ. ಬಟ್ಟೆ ಮಾಸ್ಕು ಹೈಡ್ರೋಜನ್ ಸಲ್ಫೈಡನ್ನು ತಡೆಯೋದಿಲ್ಲ. ಒಳ್ಳೇ ಬೂಟು ಹಾಕಿಕೊಂಡು ಇಳಿದರೂ ಇಳಿದದ್ದೇ. ನಾವು ಕೇಳಬೇಕಾದ್ದು ಒಂದೇ, ಯಾರೂ ಇಳಿಯಕೂಡದು.

ಸುಪ್ರೀಂ ಕೋರ್ಟು 2014ರ ಮಾರ್ಚಿನಲ್ಲಿ ಒಳಚರಂಡಿ ಸಾವಿಗೆ 10 ಲಕ್ಷ ಪರಿಹಾರ ಅಂದಿತು, 1993ರಿಂದ ಸತ್ತವರೆಲ್ಲರಿಗೂ. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಒಳಚರಂಡಿ ಶುಚಿ ಮಾಡಿಸೋದನ್ನು ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ಒಳ್ಳೇದು. ಆದರೆ ನಮ್ಮ ನಿಮ್ಮ ಊರುಗಳು ಮಹಾನಗರಗಳಲ್ಲವಲ್ಲ! ಚಿಂತಾಮಣಿ, ಸಿಂಧನೂರು, ನಂಜನಗೂಡಿನ ಗುಂಡಿಗಳಲ್ಲಿ ಬೇರೆ ಗಾಳಿ ಇದೆಯಾ?

ಇದೆಲ್ಲ ಪೌರಕಾರ್ಮಿಕರ ಪಾಡು, ಓದೋ ಹುಡುಗರಾದ ನಮಗೇನು ಅನ್ನೋರು ಒಂದು ಮಾತು ನೆನಪಿಡಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ಮಲದ ಗುಂಡಿಗೆ ಇಳಿಸಿದ್ದು ಯಾವ ಪೌರಕಾರ್ಮಿಕನನ್ನೂ ಅಲ್ಲ, ಓದೋಕೆ ಬಂದಿದ್ದ ದಲಿತ ಮಕ್ಕಳನ್ನು. ವಿಡಿಯೋ ಹೊರಗೆ ಬಂದ ಮೇಲೆ ಕೇಸಾಯಿತು, ಬಂಧನವೂ ಆಯಿತು. ಪುಸ್ತಕ ಹಿಡಿದ ಕೈ ಅಂತ ಜಾತಿ ಬಿಡಲಿಲ್ಲ. ಗುಂಡಿ ತುಂಬಿದಾಗ ಅದರ ಕಣ್ಣು ತಾನಾಗಿಯೇ ಹುಡುಕಿದ್ದು ನಮ್ಮ ಮಕ್ಕಳನ್ನು. ಹಾಸ್ಟೆಲಿನಲ್ಲಿರುವ ನಾವು ನೀವು ಅಲ್ಲಿಂದ ಎಷ್ಟು ದೂರ ಇದ್ದೇವೆ?

ಮಷೀನು ಬಂದರೆ ಎಲ್ಲಾ ಮುಗೀತು ಅಂತಲೂ ನಾವು ಹೇಳೋದಿಲ್ಲ. ಯಂತ್ರಕ್ಕೆ ಪೂಜೆ ಮಾಡೋದು ಆಯುಧಪೂಜೆಯವರ ಕೆಲಸ. ದೆಹಲಿಯಲ್ಲಿ ಮಷೀನು ಬಂದ ಮೇಲೂ ಸಾವು ನಿಂತಿಲ್ಲ. ಮಷೀನೂ ತಿಳುವಳಿಕೆ ಕೇಳುತ್ತೆ. ಆ ನೀರಿನ ಎಳೆ ಕೈಗೆ ತಾಗಿದರೆ ಚರ್ಮ ತೂರಿ ಗಲೀಜನ್ನು ಮಾಂಸದೊಳಕ್ಕೆ ಹೊಗಿಸುತ್ತೆ. ಮೇಲೆ ಗಾಯ ಸೂಜಿ ಚುಚ್ಚಿದಷ್ಟು, ಒಳಗೆ ಆಪರೇಷನ್ ಆಗುವಷ್ಟು. ದೊಡ್ಡ ಪೈಪಿನಲ್ಲಿ ಮೂತಿ ತಿರುಗಿಕೊಂಡು ಹಿಡಿದವನ ಮೇಲೆಯೇ ವಾಪಸ್ ಬರಬಹುದು. ಅದಕ್ಕೇ ಮೂತಿಯ ಹಿಂದೆ ಪೈಪಿನ ಅಗಲಕ್ಕಿಂತ ಉದ್ದದ ಬಾಗದ ತುಂಡು ಹಾಕಬೇಕು. ಹೂಳು ಕದಡಿದಾಗ ವಿಷಗಾಳಿ ಮೇಲೇಳುತ್ತೆ, ಬಾಯಿಗೆ ಮುಖ ಕೊಟ್ಟು ಬಗ್ಗಕೂಡದು. ಇದನ್ನೆಲ್ಲ ಕಲಿಸದೆ ನಿನ್ನೆ ಬಕೆಟ್ಟು ಹಿಡಿದಿದ್ದವನ ಕೈಗೆ ಇವತ್ತು ಪೈಪು ಕೊಟ್ಟರೆ ಸಾವಿನ ಬಣ್ಣ ಬದಲಾಗುತ್ತೆ ಅಷ್ಟೇ.

ಅದಕ್ಕಿಂತ ದೊಡ್ಡ ಪ್ರಶ್ನೆ, ಮಷೀನು ಯಾರದ್ದು? ಇಲ್ಲೇ ಮೋಸ ಕಾದಿದೆ. ಗುಂಡಿ ಇದ್ದಾಗ ನಮ್ಮದು, ಸ್ಟೇರಿಂಗು ಬಂದಾಗ ಅವರದ್ದು ಅಂತಾಗಬಾರದು. ಲಕ್ಷಗಟ್ಟಲೆ ಬೆಲೆಯ ಮಷೀನಿನ ಟೆಂಡರು ದುಡ್ಡಿದ್ದವನಿಗೆ ಹೋಗುತ್ತೆ, ಡ್ರೈವರು ಅವನ ಕಡೆಯವನು ಬರ್ತಾನೆ, ನಮ್ಮವನಿಗೆ ಉಳಿಯೋದು ಮ್ಯಾನ್‌ಹೋಲ್ ಮುಚ್ಚಳ ಎತ್ತೋದು. ಮಷೀನು ಕೈಕೊಟ್ಟ ದಿನ 'ಸ್ವಲ್ಪ ಇಳಿದು ನೋಡಪ್ಪ' ಅನ್ನಿಸಿಕೊಳ್ಳೋದೂ ಅವನೇ. ಹೈದರಾಬಾದು, ದೆಹಲಿಗಳಲ್ಲಿ ದಲಿತ ಉದ್ಯಮಿಗಳ ಸಂಘ ಸೇರಿಕೊಂಡು, ಬ್ಯಾಂಕ್ ಸಾಲ ಕೊಡಿಸಿ ಮಷೀನನ್ನು ಕೆಲಸಗಾರರ ಮನೆಯವರ, ದಲಿತರ ಹೆಸರಿಗೇ ಮಾಡಿಸಿದ್ದಾರೆ. ದಾರಿ ಇದೆ ಅಂತ ಅದು ತೋರಿಸುತ್ತೆ. ಆದರೆ ಸಾಲದ ಕಂತು ಹೊತ್ತವನಿಗೆ ವರ್ಷವಿಡೀ ಕೆಲಸದ ಗ್ಯಾರಂಟಿ ಬೇಕು, ಇಲ್ಲಾಂದ್ರೆ ಅದು ಹೊಸ ಜೀತ. ನಮ್ಮ ಒತ್ತಾಯ ಇಷ್ಟು: ಪ್ರತಿ ಪುರಸಭೆ, ಪಟ್ಟಣ ಪಂಚಾಯಿತಿಗೂ ಮಷೀನು ಬರಲಿ, ನಡೆಸೋಕೆ ಈಗ ಈ ಕೆಲಸದಲ್ಲಿರೋರಿಗೇ ತರಬೇತಿ ಕೊಡಲಿ, ಆಪರೇಟರ್ ಅನ್ನುವ ಹುದ್ದೆ ಮಾಡಿ ಕಾಯಂ ಮಾಡಲಿ, ಕಂಟ್ರಾಕ್ಟರನ್ನು ಮಧ್ಯದಿಂದ ಎತ್ತಿಹಾಕಲಿ. ಅವರ ಮಕ್ಕಳು ಆಪರೇಟರೂ ಆಗೋದು ಬೇಡ ಅಂದರೆ ಬೇಡ, ಅದು ಅವರಿಷ್ಟ.

ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಗೆಳೆಯರು ನಮ್ಮಲ್ಲಿ ಬಹಳ ಜನ ಇದ್ದೀರಿ. ಪಂಪು, ವಾಲ್ವು ನಿಮ್ಮ ಸಿಲಬಸ್ಸಿನಲ್ಲೇ ಇದೆ. ಮಷೀನು ಕೆಟ್ಟಿದೆ ಅಂತ ಅಧಿಕಾರಿ ಹೇಳಿದಾಗ ಏನು ಕೆಟ್ಟಿದೆ, ಎಷ್ಟು ದಿನದ ಕೆಲಸ ಅಂತ ಎದುರು ನಿಂತು ಕೇಳೋಕೆ ನಿಮ್ಮಂಥೋರೇ ಬೇಕು. ಘೋಷಣೆ ಕೂಗೋರು ನಮ್ಮಲ್ಲಿ ಸಾಕಷ್ಟಿದ್ದಾರೆ.

ಮುಂದಿನ ಸಭೆಗೆ ಬರುವಾಗ ಪ್ರತಿ ಹಾಸ್ಟೆಲಿನಿಂದ ಒಬ್ಬರು ಈ ವಿವರಗಳನ್ನು ಬರೆದು ತನ್ನಿ. ನಿಮ್ಮ ಊರಿನ ಪುರಸಭೆಯಲ್ಲಿ ಜೆಟ್ಟಿಂಗ್, ಸಕ್ಕಿಂಗ್ ಮಷೀನು ಎಷ್ಟಿವೆ, ಓಡೋದು ಎಷ್ಟು, ಕಳೆದ ವರ್ಷ ಎಷ್ಟು ದಿನ ನಿಂತಿದ್ದವು, ಆಪರೇಟರು ಕಾಯಮ್ಮಾ ಕಂಟ್ರಾಕ್ಟಾ. ಬಾಯಲ್ಲಿ ಹೇಳದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಜೊತೆಗೆ ನಿಮ್ಮ ಹಾಸ್ಟೆಲಿನ ಹಿಂದೆ ಇರುವ ಗುಂಡಿಯನ್ನು ಕೊನೇ ಸಲ ಯಾವಾಗ ತೆಗೆಸಿದರು, ಗಾಡಿ ಬಂದಿತ್ತಾ, ಮನುಷ್ಯ ಇಳಿದನಾ, ಇಳಿದಿದ್ದರೆ ಅವನ ಮನೆ ಎಲ್ಲಿ ಅನ್ನೋದನ್ನೂ ವಿಚಾರಿಸಿ. ಆ ಮನೆಗೆ ಹೋಗಿ ಮಾತಾಡಿಸಿಕೊಂಡು ಬನ್ನಿ.