ಯಾರಿಗೂ ಏನೂ ಆಗಲಿಲ್ಲವಂತೆ

"ಯಾರಿಗೂ ಏನೂ ಆಗಲಿಲ್ಲವಂತೆ, ಬಿಡ್ರಿ" ಎಂಬ ಮಾತು ನಮ್ಮ ಕಡೆ ಎಷ್ಟು ಸಲೀಸಾಗಿ ಬರುತ್ತದೆ! ಶಾಲೆಯ ಮಕ್ಕಳ ಟೆಂಪೊ ಗಟಾರಕ್ಕೆ ವಾಲಿದರೂ ಇದೇ ಮಾತು, ಗ್ಯಾಸಿನ ಪೈಪು ಸೋರಿ ಕಿಟಕಿಯ ಪರದೆ ಸುಟ್ಟರೂ ಇದೇ ಮಾತು. 2023ರ ಮೇ 30ರಂದು ಸಾಂಬ್ರಾ ನಿಲ್ದಾಣದಿಂದ ಮೇಲೆದ್ದ ತರಬೇತಿ ವಿಮಾನವೊಂದು ಯಂತ್ರ ಕೈಕೊಟ್ಟು ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿದಾಗಲೂ ಊರೆಲ್ಲ ಇದನ್ನೇ ಆಡಿತು. ಒಳಗಿದ್ದ ಇಬ್ಬರಿಗೆ ಸಣ್ಣಪುಟ್ಟ ಗಾಯ. ಜನ ಓಡಿದರು, ಮೊಬೈಲಿನಲ್ಲಿ ಚಿತ್ರ ತೆಗೆದರು. ಸಾಂಬ್ರಾ ಬೆಳಗಾವಿಯ ಆ ತುದಿ, ನಮ್ಮ ಪೀರನವಾಡಿ ಖಾನಾಪುರ ರಸ್ತೆಯ ಈ ತುದಿ. ನಮ್ಮ ಓಣಿಯಲ್ಲಿ ಸಂಜೆಯವರೆಗೆ ಅದರ ಸುದ್ದಿ ನಡೆಯಿತು. ಮರುದಿನ ಯಾರಿಗೂ ನೆನಪಿರಲಿಲ್ಲ.

ನನ್ನ ತಕರಾರು ಆ "ಬಿಡ್ರಿ" ಎಂಬ ಮಾತಿನ ಮೇಲೆ.

ಯಾಕೆಂದರೆ ಕತೆ ಹೊನ್ನಿಹಾಳದ ಹೊಲದಲ್ಲಿ ಮುಗಿಯಲಿಲ್ಲ. ಆ ವಿಮಾನ ರೆಡ್‌ಬರ್ಡ್ ಎಂಬ ತರಬೇತಿ ಸಂಸ್ಥೆಯದು. ಅದೇ ವರ್ಷ ಅಕ್ಟೋಬರ್ 19ರಂದು ಅದೇ ಸಂಸ್ಥೆಯ ಇನ್ನೊಂದು ವಿಮಾನ ಮಹಾರಾಷ್ಟ್ರದ ಬಾರಾಮತಿಯಲ್ಲಿ ಬಿತ್ತು. ಮೂರೇ ದಿನಕ್ಕೆ, 22ರಂದು, ಅಲ್ಲೇ ಮತ್ತೊಂದು. ಆಗ ನಾಗರಿಕ ವಿಮಾನಯಾನ ನಿರ್ದೇಶನಾಲಯಕ್ಕೆ ಎಚ್ಚರವಾಯಿತು. ಆರು ತಿಂಗಳಲ್ಲಿ ಐದು ಅವಘಡ ಎಂದು ಲೆಕ್ಕ ಹಾಕಿ, ಸಂಸ್ಥೆಯ ತರಬೇತಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ವಿಮಾನಗಳ ನಿರ್ವಹಣೆಯನ್ನು ತಪಾಸಣೆಗೆ ಹಚ್ಚಿತು. ಮೊದಲನೆಯದಕ್ಕೇ "ಯಾರಿಗೂ ಏನೂ ಆಗಲಿಲ್ಲ" ಅನ್ನದೆ "ಯಾಕಾಯಿತು" ಎಂದು ಜೋರಾಗಿ ಕೇಳಿದ್ದರೆ? ಐದರವರೆಗೆ ಎಣಿಸಬೇಕಿತ್ತೇ?

ನಿರ್ವಹಣೆ ಎಂಬ ದೊಡ್ಡ ಶಬ್ದಕ್ಕೆ ಹೆದರಬೇಡಿ. ಅದು ಏನೆಂದು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಸರಿಯಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳದ, ಒಂದು ದಿನ ಬಿಟ್ಟರೆ ಎಲ್ಲರ ಕಣ್ಣಿಗೂ ಬೀಳುವ ಕೆಲಸ ಅದು. ಸಣ್ಣ ವಿಮಾನದ್ದೂ ಅಷ್ಟೇ. ದಿನದ ಮೊದಲ ಹಾರಾಟಕ್ಕೆ ಮುಂಚೆ ಟ್ಯಾಂಕಿನ ಅಡಿಯಿಂದ ಒಂದಿಷ್ಟು ಇಂಧನವನ್ನು ಗಾಜಿನಂಥ ಬಟ್ಟಲಿಗೆ ಇಳಿಸಿ, ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಇಂಜಿನ್ನಿನ ಪ್ರತಿ ಸಿಲಿಂಡರಿಗೆ ಎರಡೆರಡು ಪ್ಲಗ್, ಅವಕ್ಕೆ ಕಿಡಿ ಕೊಡಲು ಬೇರೆ ಬೇರೆ ಎರಡು ವ್ಯವಸ್ಥೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಏರುವ ಮುಂಚೆ ಒಂದೊಂದನ್ನೇ ಆರಿಸಿ ಪರೀಕ್ಷಿಸಬೇಕು. ಇಷ್ಟಿಷ್ಟು ತಾಸಿಗೊಮ್ಮೆ ಎಣ್ಣೆಯ ಫಿಲ್ಟರನ್ನು ಬಿಚ್ಚಿ, ಕತ್ತರಿಸಿ, ಒಳಗೆ ಲೋಹದ ಪುಡಿ ಸಿಕ್ಕಿದೆಯೇ ಎಂದು ಹುಡುಕಬೇಕು. ಪುಡಿ ಸಿಕ್ಕಿತೆಂದರೆ ಒಳಗೆಲ್ಲೋ ಏನೋ ಸವೆಯುತ್ತಿದೆ ಎಂದರ್ಥ. ಉದ್ಯಮಬಾಗದ ಫೌಂಡ್ರಿ, ಲೇಥುಗಳ ಸಂಬಳದಿಂದ ಒಲೆ ಹೊತ್ತುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಮನೆಗಳ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಯಂತ್ರ "ಒಮ್ಮೆಲೇ" ಕೆಡುವುದು ಅಪರೂಪ, ಅದು ಮೊದಲೇ ಹೇಳಿರುತ್ತದೆ, ಕೇಳಿಸಿಕೊಳ್ಳಲು ಯಾರಿಗೂ ಪುರಸೊತ್ತಿರುವುದಿಲ್ಲ, ಅಂತಾರೆ.

ಇದೆಲ್ಲ ಮಾಡಿದ ಮೇಲೆ ಪುಸ್ತಕದಲ್ಲಿ ಬರೆದು ಪರವಾನಗಿ ಇರುವ ಇಂಜಿನಿಯರು ಸಹಿ ಹಾಕಬೇಕು. ಸಹಿಯಲ್ಲಿದೆ ನೋಡಿ ಎಲ್ಲ. ಮಾಡಿ ಹಾಕಿದ ಸಹಿಯೂ ಮಾಡದೆ ಹಾಕಿದ ಸಹಿಯೂ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ.

ಅವಘಡವಾದ ಮೇಲೆ ನಾವು ಏನು ಮಾಡುತ್ತೇವೆ? ಒಂದೋ ಹಣೆಬರಹ ಅನ್ನುತ್ತೇವೆ, ಇಲ್ಲವೇ ಪೈಲಟ್ಟನ್ನು ಬೈಯುತ್ತೇವೆ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಹಾರಿದ ಸೆಸ್ನಾ 180 ಕ್ಷಣಗಳಲ್ಲೇ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರು ಸುಟ್ಟುಹೋದರು. ಎಷ್ಟು ಅತ್ತೆವು! ಅವಳ ಜಾತಕ, ಅವಳ ಮದುವೆ, ಅವಳ ಕೊನೆಯ ಸಿನಿಮಾ ಎಲ್ಲ ಮಾತಾಡಿದೆವು. ಆ ಮಾದರಿಯ ವಿಮಾನದ ತಯಾರಿಕೆ 1981ರಲ್ಲೇ ನಿಂತಿತ್ತು, ಅಂದರೆ ಅದಕ್ಕೆ ಇಪ್ಪತ್ತೆರಡು-ಇಪ್ಪತ್ತಮೂರಾದರೂ ವಯಸ್ಸಾಗಿತ್ತು. ವಯಸ್ಸು ದೋಷವಲ್ಲ, ನೋಡಿಕೊಂಡರೆ ಹಳೆಯ ವಿಮಾನವೂ ಚೆನ್ನಾಗಿಯೇ ಹಾರುತ್ತದೆ. ಹೇಗೆ ನೋಡಿಕೊಂಡಿದ್ದರು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು? ಜಾತಕ ಕೇಳಿದವರೇ ಹೆಚ್ಚು.

ಸರಿಯಾಗಿ ತನಿಖೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2009ರ ಮಾರ್ಚ್ 6ರಂದು ಎನ್‌ಎಎಲ್ ರೂಪಿಸಿದ 'ಸರಸ್' ವಿಮಾನ ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಹತ್ತಿರ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಆಕಾಶದಲ್ಲಿ ಒಂದು ಇಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಸತ್ತವರ ತಲೆಗೇ ಕಟ್ಟಿ ಕೈತೊಳೆಯುವುದು ಸುಲಭವಿತ್ತು. ತನಿಖಾ ವರದಿ ಹಾಗೆ ಮಾಡಲಿಲ್ಲ. ವಿಮಾನಚಾಲಕರ ನಡೆಯನ್ನೂ ನೋಡಿತು, ಆದರೆ ಇಂಜಿನ್ ಮತ್ತೆ ಹೊತ್ತಿಸುವ ಕ್ರಮವನ್ನೇ ವಿನ್ಯಾಸಕಾರರು ತಪ್ಪಾಗಿ ರೂಪಿಸಿದ್ದರು, ಪ್ರೊಪೆಲ್ಲರ್ ಮಾಡಿದ ಕಂಪನಿಯನ್ನು ಕೇಳಿರಲಿಲ್ಲ ಎಂದೂ ಬರೆಯಿತು. ಸರ್ಕಾರ ತನ್ನದೇ ಸಂಸ್ಥೆಯ ಬಗ್ಗೆ ಹೀಗೆ ಬರೆಯಬಲ್ಲದು ಎಂದಾದರೆ ಖಾಸಗಿ ಶಾಲೆಗಳ ವಿಷಯದಲ್ಲಿ ಯಾವ ಮುಲಾಜು?

ಹೆಣ್ಣುಮಕ್ಕಳಿಗೇ ಇದನ್ನೆಲ್ಲ ಯಾಕೆ ಹೇಳುತ್ತೀ ಎಂದು ಕೇಳಬಹುದು. ಸಾಂಬ್ರಾದಲ್ಲಿ, ಕಲಬುರಗಿಯಲ್ಲಿ ಹಾರುವ ಶಾಲೆಗಳಿಗೆ 2021ರಲ್ಲಿ ಜಾಗ ಕೊಟ್ಟಾಗ ನಾವೆಲ್ಲ ಹೆಮ್ಮೆಪಟ್ಟೆವು. ಪಡಬೇಕಾದ್ದೇ. ಭಾರತದ ಪೈಲಟ್ಟುಗಳಲ್ಲಿ ಹೆಂಗಸರ ಪ್ರಮಾಣ ಜಗತ್ತಿನ ಸರಾಸರಿಗಿಂತ ಎಷ್ಟೋ ಹೆಚ್ಚು. ನಮ್ಮಂಥ ಊರುಗಳ ಹುಡುಗಿಯರೂ ಆಸೆಪಡುತ್ತಿದ್ದಾರೆ. ಪರವಾನಗಿಗೆ 200 ತಾಸು ಹಾರಬೇಕು, ಲಕ್ಷ ಲಕ್ಷ ಸುರಿಯಬೇಕು, ಹೊಲ ಅಡವಿಟ್ಟವರೂ ಇರುತ್ತಾರೆ. ಸಾಲದಲ್ಲಿ ಕಲಿಯುವ ಇಪ್ಪತ್ತರ ಹುಡುಗಿ "ಸರ್, ಇಂಜಿನ್ ಸದ್ದು ಯಾಕೋ ಬೇರೆ ಕೇಳಸ್ತದ, ಇವತ್ತು ನಾ ಹಾರೂದಿಲ್ಲ" ಎನ್ನಲು ಎದೆ ಬೇಕು. ಅಂದರೆ ಅಂದಿನ ತಾಸು ಹೋಯಿತು, ಜೊತೆಗೆ "ಹುಡುಗಿ ಅಂಜತಾಳ" ಎಂಬ ಹೆಸರು. ನಾವು ತಾಯಂದಿರು ಸೇರಿಸುವ ಮುಂಚೆ ಕೇಳುವುದೇನು? ಹಾಸ್ಟೆಲಿನ ಬಾಗಿಲು ಎಷ್ಟಕ್ಕೆ ಹಾಕುತ್ತಾರೆ, ಊಟ ಶುದ್ಧ ಶಾಕಾಹಾರಿಯೋ, ಹುಡುಗರು ಬೇರೆ ಇರುತ್ತಾರೋ. ವಿಮಾನದ ಇಂಜಿನ್ ಎಷ್ಟು ತಾಸು ದುಡಿದಿದೆ, ಹಾರೂದಿಲ್ಲ ಎಂದ ಹುಡುಗಿಯನ್ನು ಏನು ಮಾಡುತ್ತೀರಿ ಎಂದು ಕೇಳಿದ ತಾಯಿಯನ್ನು ನಾನಂತೂ ಕಂಡಿಲ್ಲ.

2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ 260 ಜನ ಹೋದರು. ಸರಿಯಾಗಿ ಒಂದು ತಿಂಗಳಿಗೆ ಪ್ರಾಥಮಿಕ ವರದಿ ಬಂತು, ಅದರ ಒಂದೊಂದು ಸಾಲನ್ನೂ ಟಿವಿಯವರು ಹಿಂಡಿದರು. ಹೊನ್ನಿಹಾಳದಂಥ ಅವಘಡಕ್ಕೆ ಅಂಥ ಓದುಗರಿಲ್ಲ. ವಿಮಾನ ಬಿದ್ದದ್ದು ಯಾರ ಹೊಲದಲ್ಲೋ ಅವರು ಓದುವ ಭಾಷೆಯಲ್ಲಿ, ಎರಡು ಪುಟದಲ್ಲಿ, ಏನು ಕೆಟ್ಟಿತ್ತು, ಯಾರು ನೋಡಬೇಕಿತ್ತು, ಈಗ ಏನು ಬದಲಾಯಿತು ಎಂದು ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲು ಎಷ್ಟು ಖರ್ಚು ಬರುತ್ತದೆ? ಕನ್ನಡದಲ್ಲೂ ಮರಾಠಿಯಲ್ಲೂ ಅಂಟಿಸಲಿ. ಈ ಒಂದು ವಿಷಯಕ್ಕೆ ನಮ್ಮ ಪೀರನವಾಡಿಯಲ್ಲಿ ಯಾರೂ ಜಗಳ ತೆಗೆಯುವುದಿಲ್ಲ.