ಮಣ್ಣಿನ ಮಾಳಿಗೆ ಸೋರುವುದೇಕೆ?

ಮಣ್ಣಿನ ಮಾಳಿಗೆ ಎಂದರೆ ಸೋರುವ ಮನೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇದು ಅರ್ಧ ಸತ್ಯ ಮಾತ್ರ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಳೆಯ ಮಾಳಿಗೆಗಳ ಮೇಲೆ ಚೌಳು ಮಣ್ಣು ಹರಡುತ್ತಿದ್ದರು. ಅದರಲ್ಲಿ ಸೋಡಿಯಂ ಹೆಚ್ಚು. ನೆನೆದಾಗ ಜೇಡಿಯ ಕಣಗಳು ಬಿಡಿಯಾಗಿ, ಉಬ್ಬಿ, ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಹಾಗಾಗಿ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ದಪ್ಪ ಗೋಡೆ, ದಪ್ಪ ಮಾಳಿಗೆ ಬಿಸಿಲಿನ ಕಾವನ್ನು ನಿಧಾನವಾಗಿ ಒಳಬಿಡುವುದರಿಂದ ಮಧ್ಯಾಹ್ನವೂ ಮನೆ ತಂಪು. ತೆಳುವಾದ ಕಾಂಕ್ರೀಟ್ ತಾರಸಿಗೆ ಈ ಗುಣ ಕಡಿಮೆ.

ಆದರೆ ಮಣ್ಣು ಸವೆಯುತ್ತದೆ, ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಮುನ್ನ ಮತ್ತೆ ಮಣ್ಣು ಹಾಕಲೇಬೇಕು. ಒಂದೇ ಮನೆಯವರಿಂದಾಗದ ಇಂಥ ಕೆಲಸಕ್ಕೆ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿಯಿತ್ತು: ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಆಳು ಕೂಡದಿದ್ದರೆ ಮಾಳಿಗೆ ಸೋರುತ್ತದೆ.

ಬೆಳೆಯುತ್ತಿರುವ ಪಟ್ಟಣಗಳು ಬಿಸಿಲು, ಮಳೆ ತಾಳಬೇಕಾದರೆ ಒಳ್ಳೆಯ ವಿನ್ಯಾಸವಷ್ಟೇ ಸಾಲದು. ಅದನ್ನು ಕೂಡಿ ಕಾಯುವ ಜನರೂ ಬೇಕು.